ಪಕ್ಕದ ಮನೆಯ ಅಜ್ಜಿ, ಮಾರ್ಕನ ಕೊನೆಯ ಪುಟ

ಕಳೆದ ಆಗಸ್ಟಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ಬೆಂಗಳೂರಿನ ಹನುಮಂತನಗರದ ಈ ಓಣಿಗೆ ನಾವು ಬಾಡಿಗೆಗೆ ಬಂದಾಗ ನನ್ನ ಮಗಳಿಗೆ ಎಂಟು ತಿಂಗಳು. ಈಗ ಅವಳು ಹತ್ತನೆಯ ತರಗತಿ ಓದುತ್ತಿದ್ದಾಳೆ. ಅಷ್ಟೂ ವರ್ಷ ಅವಳು ಬೆಳೆದದ್ದು ನಮ್ಮ ಮನೆಯಲ್ಲಿ ಎಷ್ಟೋ, ಅಜ್ಜಿಯ ಅಡುಗೆಮನೆಯ ಹೊಸ್ತಿಲ ಬಳಿಯೂ ಅಷ್ಟೇ. ಅಜ್ಜಿ ಮಡಿಯಲ್ಲಿದ್ದಾಗ ಆ ಹೊಸ್ತಿಲನ್ನು ದಾಟಬಾರದೆಂಬುದನ್ನು ಅವಳು ಸರಿಯಾಗಿ ಮಾತು ಬರುವ ಮೊದಲೇ ಕಲಿತಿದ್ದಳು. ಮಡಿ ಮುಗಿದ ಕೂಡಲೇ ಓಡಿಹೋಗಿ ಮಡಿಲಲ್ಲಿ ಕೂರಬಹುದೆಂಬುದನ್ನೂ ಕಲಿತಿದ್ದಳು. ನನ್ನ ಹೆಂಡತಿ ಟೈಫಾಯಿಡ್ ಬಂದು ಆಸ್ಪತ್ರೆ ಸೇರಿದ್ದ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾಂಪೌಂಡ್ ಗೋಡೆಯ ಮೇಲೆ ಸಾರನ್ನದ ಸ್ಟೀಲ್ ಡಬ್ಬಿ ಬಂದು ಕೂರುತ್ತಿತ್ತು. ಅದೇ ವಾರದಲ್ಲಿ ಮಗುವಿಗೂ ಜ್ವರ ಏರಿದ ಒಂದು ರಾತ್ರಿ, ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬದಲಿಸುತ್ತ ಅಜ್ಜಿ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ರಾಯರಿಗೆ ಹೇಳಿದೀನಿ, ನಿಮ್ಮ ಯೇಸಪ್ಪನಿಗೂ ಹೇಳಿದೀನಿ. ಬೆಳಗಾಗೋದ್ರೊಳಗೆ ಇಳಿಯುತ್ತೆ, ನೀವು ಹೋಗಿ ಸ್ವಲ್ಪ ಮಲಗಿ."

ಅಜ್ಜಿ ಹೋದ ಎರಡನೆಯ ಭಾನುವಾರ ಚರ್ಚಿನ ಸಂಡೇ ಸ್ಕೂಲಿನಲ್ಲಿ ರಕ್ಷಣೆಯ, ಅಂದರೆ ಮೋಕ್ಷದ, ಪಾಠವಿತ್ತು. ಸತ್ಯವೇದದ, ಅಂದರೆ ಬೈಬಲಿನ, ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದ 16ನೆಯ ವಚನವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದರು. ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನು ರಕ್ಷಣೆ ಹೊಂದುವನು, ನಂಬದೆ ಹೋಗುವವನಿಗೆ ದಂಡನೆಯಾಗುವುದು ಎಂಬ ಅರ್ಥದ ವಚನ ಅದು. ನನ್ನ ಮಗಳು ಎದ್ದು ನಿಂತು ಅಜ್ಜಿಯ ವಿಷಯ ಕೇಳಿದ್ದಾಳೆ. ವಚನ ಸ್ಪಷ್ಟವಾಗಿದೆಯಲ್ಲ ಎಂಬ ಉತ್ತರ ಬಂದಿದೆ. ಇದು ನನಗೆ ಗೊತ್ತಾದದ್ದು ಮನೆಗೆ ಹಿಂದಿರುಗುವಾಗ, ಮಿನರ್ವ ವೃತ್ತದ ಸಿಗ್ನಲಿನಲ್ಲಿ. ಅಲ್ಲಿಯವರೆಗೆ ಸ್ಕೂಟರಿನ ಹಿಂದೆ ಮೌನವಾಗಿ ಕೂತಿದ್ದವಳು ನನ್ನ ಹೆಲ್ಮೆಟ್ಟಿನ ಹತ್ತಿರ ಬಾಗಿ, "ಅಪ್ಪಾ, ಅಜ್ಜಿ ನರಕದಲ್ಲಿದ್ದಾರಾ?" ಎಂದು ಕೇಳಿದಳು. ಕೆಂಪು ದೀಪದ ಪಕ್ಕದಲ್ಲಿ ಅಂಕಿಗಳು ಒಂದೊಂದಾಗಿ ಇಳಿಯುತ್ತಿದ್ದವು. "ಮನೆಗೆ ಹೋಗಿ ಮಾತಾಡೋಣ ಮಗಳೇ" ಎಂದೆ. ಮನೆಗೆ ಹೋದ ಮೇಲೆ ಮಾತಾಡಲಿಲ್ಲ. ಏನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಯೇಸುವನ್ನು ನಂಬದೆ ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದು ಮೊಬೈಲಿನಲ್ಲಿ ಕನ್ನಡದಲ್ಲಿಯೇ ಬರೆದು ಹುಡುಕಿದೆ. ಸಿಕ್ಕಿದ್ದು ಬಹುತೇಕ ವಿಡಿಯೊಗಳು. ಒಬ್ಬರು ಹಿಂಬದಿಯಲ್ಲಿ ಬೆಂಕಿಯ ಚಿತ್ರವಿಟ್ಟುಕೊಂಡು, ಏರಿದ ದನಿಯಲ್ಲಿ, ಮೂರು ನಿಮಿಷದೊಳಗೆ ತೀರ್ಪು ಕೊಟ್ಟಿದ್ದರು. ಇನ್ನೊಬ್ಬರು ಎಲ್ಲ ನದಿಗಳೂ ಒಂದೇ ಸಮುದ್ರಕ್ಕೆ ಸೇರುತ್ತವೆ ಎಂದು ಅದಕ್ಕಿಂತ ಬೇಗ ಮುಗಿಸಿದ್ದರು. ಮೊದಲನೆಯ ಉತ್ತರ ಕೊಟ್ಟವರು ಅಜ್ಜಿಯನ್ನು ಕಂಡವರಲ್ಲ. ಎರಡನೆಯ ಉತ್ತರ ಕೊಟ್ಟವರು ನನ್ನ ಮುತ್ತಜ್ಜನನ್ನು ಕಂಡವರಲ್ಲ. ತುಮಕೂರಿನ ಕಡೆಯ ಹಳ್ಳಿಯೊಂದರಲ್ಲಿ ದೀಕ್ಷಾಸ್ನಾನ ಪಡೆದ ದಿನವೇ ಅವರಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿತು. ತಾಯಿ ಸತ್ತಾಗ ದೂರದಲ್ಲಿ ನಿಂತು ನೋಡಿ ಬಂದರಂತೆ. ಯಾವ ದಾರಿಯಾದರೂ ಒಂದೇ ಎಂದರೆ ಅವರು ತೆತ್ತ ಬೆಲೆಗೆ ಅರ್ಥವೇನು? ನನಗೆ ಬೇಕಿದ್ದದ್ದು ಇವರಿಬ್ಬರನ್ನೂ ಕಣ್ಣಮುಂದೆ ಇಟ್ಟುಕೊಂಡು ಆಡಿದ ಮಾತು.

ಎಲ್ಲವನ್ನೂ ಕಳೆದುಕೊಂಡು ನರಳುವ ನೀತಿವಂತನೊಬ್ಬನ ಕಥೆಯಾದ, ಸತ್ಯವೇದದ ಯೋಬನ ಗ್ರಂಥವನ್ನು ನಾನು ಹಿಂದೆ ಓದಿರಲಿಲ್ಲವೆಂದಲ್ಲ. ಆದರೆ ಆ ವಾರ ಓದಿದಾಗ ಯೋಬನಿಗಿಂತ ಅವನ ಗೆಳೆಯರ ಮೇಲೆಯೇ ನನ್ನ ಕಣ್ಣು ನಿಂತಿತು. ಅವರು ಬಂದು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕೂತರು. ಆಮೇಲೆ ಬಾಯಿ ತೆರೆದು ಉತ್ತರ ಕೊಡಲು ಹೊರಟರು. ಅವರು ಆಡಿದ್ದೆಲ್ಲ ಅಂದಿನ ಧರ್ಮಬೋಧೆಗೆ ಒಪ್ಪುವಂಥ ಮಾತೇ ಆಗಿತ್ತು. ಆದರೂ ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ತಿರುಗುವುದು ಅವರ ಮೇಲೆ; ನನ್ನ ಸೇವಕನಾದ ಯೋಬನು ಆಡಿದಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ದೇವರನ್ನೇ ಪ್ರಶ್ನಿಸಿದವನ ಮಾತು ಸರಿ, ದೇವರ ಪರವಾಗಿ ವಾದಿಸಿದವರ ಮಾತು ತಪ್ಪು! ಅಂದಿನಿಂದ ಯಾವ ಉತ್ತರ ಕಣ್ಣಿಗೆ ಬಿದ್ದರೂ, ಇದನ್ನು ಬರೆದವರು ಆ ಏಳು ದಿನ ನೆಲದ ಮೇಲೆ ಕೂತವರೇ, ಮತ್ತು ಎದ್ದ ಮೇಲೂ ಆ ಮೌನವನ್ನು ಮರೆಯದವರೇ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಹೀಗೆ ಹುಡುಕುತ್ತಿದ್ದಾಗ ಮಾರ್ಕನ ಆ ವಚನದ ಬಗ್ಗೆಯೇ ಒಂದು ವಿಷಯ ಬರಹವೊಂದರಿಂದ ತಿಳಿಯಿತು. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಪ್ರತಿಗಳಲ್ಲಿ ಪ್ರಮುಖವಾದ ಎರಡರಲ್ಲಿ, ನಾಲ್ಕನೆಯ ಶತಮಾನದ ಸಿನೈಟಿಕಸ್ ಮತ್ತು ವ್ಯಾಟಿಕನಸ್ ಎಂಬ ಗ್ರೀಕ್ ಹಸ್ತಪ್ರತಿಗಳಲ್ಲಿ, 16ನೆಯ ಅಧ್ಯಾಯ 8ನೆಯ ವಚನಕ್ಕೇ ನಿಂತುಬಿಡುತ್ತದೆ. 9ರಿಂದ 20ರವರೆಗಿನ ಭಾಗ ಅವುಗಳಲ್ಲಿ ಇಲ್ಲ. ಸೀನಾಯಿ ಬೆಟ್ಟದ ತಪ್ಪಲಿನ ಸಂತ ಕ್ಯಾಥರೀನ್ ಮಠದಲ್ಲಿದ್ದು, ಈಗ ನಾಲ್ಕು ಸ್ಥಳಗಳಲ್ಲಿ ಹಂಚಿಹೋಗಿರುವ ಸಿನೈಟಿಕಸ್ ಪ್ರತಿಯ ಚಿತ್ರಗಳನ್ನು 2009ರಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ರಾತ್ರಿ ಒಂದು ಗಂಟೆಗೆ, ಹನುಮಂತನಗರದ ನಮ್ಮ ನಡುಮನೆಯಲ್ಲಿ ಕೂತು ಆ ಪುಟವನ್ನು ತೆರೆದೆ. ಒಂದೊಂದು ಪುಟಕ್ಕೆ ನಾಲ್ಕು ಕಿರಿದಾದ ಅಂಕಣಗಳು, ಪದಗಳ ನಡುವೆ ಜಾಗವೇ ಇಲ್ಲದಂತೆ ಪೋಣಿಸಿದ ಅಕ್ಷರಗಳು. ಮಾರ್ಕನ ಕೊನೆಯ ಸಾಲಿನ ಕೆಳಗೆ ಬರೆದವನು ಅಲಂಕಾರದ ಗೆರೆಯೊಂದನ್ನು ಎಳೆದು ಮುಗಿಸಿದ್ದಾನೆ. ಆ ಅಂಕಣದ ಉಳಿದ ಭಾಗ ಖಾಲಿ. ನನಗೆ ಗ್ರೀಕ್ ಬರುವುದಿಲ್ಲ. ಆದರೂ ಆ ಖಾಲಿ ಜಾಗವನ್ನು ಚಿತ್ರ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಯೇಸುವಿನ ಸಮಾಧಿಯಿಂದ ಓಡಿಹೋದ ಹೆಂಗಸರು ಹೆದರಿಕೊಂಡಿದ್ದುದರಿಂದ ಯಾರಿಗೂ ಏನನ್ನೂ ಹೇಳಲಿಲ್ಲ ಎಂಬಲ್ಲಿಗೆ ಕಥೆ ನಿಂತಿದೆ, ನನ್ನ ಮಗಳು ಬಾಯಿಪಾಠ ಮಾಡಿದ ಮಾತು ಅಲ್ಲಿ ಇಲ್ಲವೇ ಇಲ್ಲ.

ಆ ಕ್ಷಣ ದೊಡ್ಡ ಭಾರ ಇಳಿದಂತಾಯಿತು. ಬೆಳಿಗ್ಗೆ ಮಗಳನ್ನು ಎಬ್ಬಿಸಿ ಇದನ್ನು ತೋರಿಸಿಬಿಡೋಣ ಎಂದುಕೊಂಡೇ ಮಲಗಿದೆ. ಬೆಳಕಿನಲ್ಲಿ ನೋಡಿದಾಗ ಆ ಸಮಾಧಾನ ಉಳಿಯಲಿಲ್ಲ. ಆ ಹನ್ನೆರಡು ವಚನಗಳು ನಂತರದ ಬಹುಪಾಲು ಪ್ರತಿಗಳಲ್ಲಿ ಇವೆ. ಅವುಗಳಲ್ಲೊಂದನ್ನು ಎರಡನೆಯ ಶತಮಾನದಲ್ಲಿಯೇ ಐರೇನಿಯಸ್ ಎಂಬ ಬಿಷಪ್ ಉದ್ಧರಿಸಿದ್ದಾನೆ. ಕ್ರೈಸ್ತ ಸಭೆ ಅವುಗಳನ್ನು ಸಾವಿರದ ಎಷ್ಟೋ ವರ್ಷಗಳಿಂದ ಓದುತ್ತ ಬಂದಿದೆ. ಅದನ್ನೂ ಬದಿಗಿಟ್ಟರೆ, ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಇದಕ್ಕೆ ಹತ್ತಿರದ ಮಾತೇ ಇದೆ, ಅದನ್ನು ಯಾವ ಹಸ್ತಪ್ರತಿಯ ಖಾಲಿ ಜಾಗವೂ ಅಳಿಸಲಾರದು. ಇಷ್ಟವಾಗದ ವಚನವೊಂದರ ಕೆಳಗೆ ಅಡಿಟಿಪ್ಪಣಿ ಸಿಕ್ಕಿತೆಂದು ಪ್ರಶ್ನೆಯನ್ನು ಮುಗಿಸಿದ್ದರೆ ನಾನು ಮಗಳಿಗೆ ಮೋಸ ಮಾಡಿದಂತಾಗುತ್ತಿತ್ತು. ಇದನ್ನು ನನಗೆ ತಿಳಿಸಿಕೊಟ್ಟದ್ದೂ ಹಸ್ತಪ್ರತಿಗಳ ವಿಷಯವನ್ನು ವಿವರಿಸಿದ ಅದೇ ಬರಹ. ವ್ಯತ್ಯಾಸವನ್ನು ಮುಚ್ಚಿಡದೆ ಹೇಳಿ, ಅದರಿಂದ ಎಷ್ಟು ಮಾತ್ರ ಸಿದ್ಧವಾಗುತ್ತದೆ ಎಂಬುದನ್ನೂ ಹೇಳಿ, ಅದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗದೆ ನಿಂತಿದ್ದರು ಅದನ್ನು ಬರೆದವರು. ಅಂಥ ಬರಹ ಸಿಕ್ಕಾಗ ಮನಸ್ಸಿಗೆ ಆಗುವ ಭರವಸೆ ಬೇರೆಯೇ ತೆರನಾದದ್ದು.

ಹಾಗಾಗಿ ದೂರದ ದಾರಿಯನ್ನೇ ಹಿಡಿದೆ. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಮಾತನ್ನು ನಾವು ಎಷ್ಟೋ ಸಲ ಕೇಳಿರುತ್ತೇವೆ. ಮೂರನೆಯ ಶತಮಾನದಲ್ಲಿ ಪತ್ರವೊಂದರಲ್ಲಿ ಅದನ್ನು ಬರೆದವನು ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಆಗ ಅವನ ಮುಂದಿದ್ದ ಜಗಳ ಸಭೆಯಿಂದ ಒಡೆದುಹೋದವರು ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೋ ಇಲ್ಲವೋ ಎಂಬುದು. ಬೇರೆ ಧರ್ಮದ ನೆರೆಮನೆಯವರ ಪ್ರಶ್ನೆ ಆ ಪತ್ರದ ವಿಷಯವೇ ಆಗಿರಲಿಲ್ಲ. ಮುಂದಿನ ಶತಮಾನಗಳಲ್ಲಿ ಅದೇ ಮಾತು ಹೊರಗಿನವರೆಲ್ಲರ ಮೇಲೆ ಬೀಳುವಂತೆ ಕಠಿಣವಾಯಿತು. ಸಿಪ್ರಿಯನ್‌ಗಿಂತ ನೂರು ವರ್ಷ ಹಿಂದೆ, ರೋಮಿನಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟ ಜಸ್ಟಿನ್, ಕ್ರಿಸ್ತನು ಹುಟ್ಟುವ ಮೊದಲೇ ದೇವರ ವಾಕ್ಯಕ್ಕೆ ಅನುಸಾರವಾಗಿ ಬದುಕಿದವರು ಕ್ರೈಸ್ತರೇ ಎಂದು ಬರೆದಿದ್ದ. ಗ್ರೀಕ್ ತತ್ವಜ್ಞಾನಿಗಳಾದ ಸಾಕ್ರಟೀಸನನ್ನೂ ಹೆರಾಕ್ಲಿಟಸನನ್ನೂ ಹೆಸರಿಸಿಯೇ ಬರೆದಿದ್ದ. ಹೀಗೆ ಬರೆದವನು ನಂಬಿಕೆಯ ಬೆಲೆಯನ್ನು ಅಗ್ಗಮಾಡಿಕೊಂಡವನಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು. ನನ್ನ ಮುತ್ತಜ್ಜನೂ ಪಕ್ಕದ ಮನೆಯ ಅಜ್ಜಿಯೂ ಒಂದೇ ಪುಟದಲ್ಲಿ ನಿಲ್ಲಬಹುದೆಂದು ಮೊದಲು ಅನಿಸಿದ್ದು ಅವನನ್ನು ಓದುವಾಗ.

ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯವರು, ಕಥೋಲಿಕರಲ್ಲ. ಆದರೂ ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಹೊರಡಿಸಿದ, ಸಭೆಯನ್ನು ಕುರಿತ ಬೋಧನಾಪತ್ರದ 16ನೆಯ ಪರಿಚ್ಛೇದವನ್ನು ನಾನು ನಾಲ್ಕಾರು ಸಲ ಓದಿದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನ ಸುವಾರ್ತೆಯನ್ನು ಅರಿಯದೆ ಉಳಿದವರು, ದೇವರನ್ನು ಪ್ರಾಮಾಣಿಕ ಹೃದಯದಿಂದ ಅರಸುತ್ತ, ಆತನ ಕೃಪೆಯ ಪ್ರೇರಣೆಯಿಂದ ಮನಸ್ಸಾಕ್ಷಿಗೆ ತಿಳಿದಂತೆ ನಡೆದರೆ ನಿತ್ಯರಕ್ಷಣೆಯನ್ನು ಹೊಂದಬಲ್ಲರು ಎಂಬುದು ಅದರ ಸಾರ. ನಾನು ತಡವರಿಸಿದ್ದು "ಅರಿಯದೆ" ಎಂಬ ಮಾತಿನಲ್ಲಿ. ಅಜ್ಜಿ ಅರಿಯದವರೇ? ಯೇಸಪ್ಪನ ಹೆಸರು ಅವರಿಗೆ ಗೊತ್ತಿತ್ತು; ಕ್ರಿಸ್ಮಸ್ಸಿಗೆ ಮೊಟ್ಟೆ ಹಾಕದೆ ಅವರಿಗೆಂದೇ ಬೇರೆ ಮಾಡುತ್ತಿದ್ದ ಕಲ್‌ಕಲ್ ತಿನ್ನುತ್ತ ಯೇಸುವಿನ ಜನನದ ಬೊಂಬೆಗಳನ್ನಿಟ್ಟ ಗೋದಲಿಯ ಮುಂದೆ ಕೂತು ಕುರುಬರ ಕಥೆ ಕೇಳಿದ್ದರು. ಆದರೆ ಹದಿನಾಲ್ಕು ವರ್ಷ ಒಂದು ಗೋಡೆಯಾಚೆ ಇದ್ದ ಅವರು ಸುವಾರ್ತೆಯ ಬಗ್ಗೆ ನಿಜವಾಗಿ ತಿಳಿದುಕೊಂಡಿದ್ದು ನಮ್ಮನ್ನು ನೋಡಿ. ನಾನು ಅವಸರದಲ್ಲಿ ಗೇಟು ಹಾಕಿಕೊಂಡು ಹೋಗುತ್ತಿದ್ದ ಬೆಳಗುಗಳು, ಅವರ ಮೊಣಕಾಲು ನೋವಿನ ವಿಷಯ ಕೇಳದೆ ಕಳೆದ ವಾರಗಳು, ಎಲ್ಲವೂ ನೆನಪಾದವು. ಅರಿಯದೆ ಉಳಿದದ್ದರಲ್ಲಿ ಯಾರ ತಪ್ಪು ಎಷ್ಟು ಎಂದು ಲೆಕ್ಕ ಹಾಕಲು ಕೂತರೆ ಮೊದಲು ಬರುವುದು ನನ್ನ ಹೆಸರು. ಈ ವಿಚಾರದಿಂದ ನಾನು ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಇದೇ ಪ್ರಶ್ನೆಯನ್ನು ಜೀವನದುದ್ದಕ್ಕೂ ಹೊತ್ತುಕೊಂಡು ಓಡಾಡಿದವರೊಬ್ಬರು ನಮ್ಮ ನಾಡಿನವರೇ ಎಂಬುದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಸ್ಟ್ಯಾನ್ಲಿ ಸಮರ್ಥ 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿ, ಮುಂದೆ ಅಲ್ಲಿಯೇ ಪಾಠ ಹೇಳಿ, ಆಮೇಲೆ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನಲ್ಲಿ ಬೇರೆ ಧರ್ಮದವರೊಡನೆ ಸಂವಾದಕ್ಕೆಂದು 1971ರಲ್ಲಿ ಆರಂಭವಾದ ವಿಭಾಗದ ಮೊದಲ ನಿರ್ದೇಶಕರಾದರು. 2001ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಕ್ರಿಸ್ತನಲ್ಲಿ ದೇವರು ತನ್ನನ್ನು ನಿಜವಾಗಿಯೂ ತೋರಿಸಿಕೊಟ್ಟಿದ್ದಾನೆ ಎಂದು ನಂಬಲು, ದೇವರು ಬೇರೆಲ್ಲಿಯೂ ಇಲ್ಲ ಎಂದು ಹೇಳಬೇಕಾಗಿಲ್ಲ ಎಂಬುದು ಅವರ ವಾದದ ತಿರುಳು. ಅವರನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕ್ರಿಸ್ತನ ಅನನ್ಯತೆಯನ್ನು ಅವರು ಸಡಿಲಗೊಳಿಸಿದರು ಎಂಬ ಆಕ್ಷೇಪವನ್ನೂ ನಾನು ಓದಿದೆ, ಅದರಲ್ಲಿಯೂ ತೂಕವಿದೆ. ಈ ವಾದ ಅವರಿಂದಲೇ ಶುರುವಾದದ್ದೂ ಅಲ್ಲ. 1938ರ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಲೋಕದ ಮಿಷನರಿಗಳೆಲ್ಲ ಸೇರಿದ್ದಾಗ, ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ದೇವರು ಕ್ರಿಸ್ತನಲ್ಲಿ ತನ್ನನ್ನು ತೋರಿಸಿಕೊಟ್ಟದ್ದಕ್ಕೂ ಮನುಷ್ಯರ ಧರ್ಮಗಳಿಗೂ ನಡುವೆ ದೊಡ್ಡ ಕಂದಕವಿದೆಯೆಂದು ವಾದಿಸಿದರೆ, ಪಿ. ಚೆಂಚಯ್ಯನಂಥ ಇಲ್ಲಿನ ಕ್ರೈಸ್ತರು ಅದನ್ನು ಒಪ್ಪದೆ ಬರೆದರು. ಪಕ್ಕದ ಮನೆಯಲ್ಲಿ ದೀಪ ಹಚ್ಚುವವರ ನಡುವೆ ಹುಟ್ಟಿ ಬೆಳೆದವರಿಗೆ ಆ ಕಂದಕ ಬೇರೆ ರೀತಿಯಲ್ಲಿ ಕಾಣುವುದು ಸಹಜ.

ಇಷ್ಟೆಲ್ಲ ಓದಿ ಮತ್ತೆ ಸತ್ಯವೇದಕ್ಕೆ ಹಿಂದಿರುಗಿದಾಗ ಪರಿಚಿತ ಪುಟಗಳೇ ಹೊಸದಾಗಿ ಕಂಡವು. ರಕ್ಷಣೆ ಹೊಂದುವವರು ಸ್ವಲ್ಪ ಜನರೋ ಎಂದು ಲೂಕನ 13ನೆಯ ಅಧ್ಯಾಯದಲ್ಲಿ ಒಬ್ಬನು ನೇರವಾಗಿಯೇ ಕೇಳುತ್ತಾನೆ. ಯೇಸು ಸಂಖ್ಯೆಯನ್ನು ಹೇಳುವುದಿಲ್ಲ; ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಲು ನೀವು ಹೆಣಗಾಡಿರಿ ಎಂದು ಕೇಳಿದವನ ಕಡೆಗೇ ಮಾತನ್ನು ತಿರುಗಿಸುತ್ತಾನೆ. ನಾನೇ ಮಾರ್ಗ ಎಂಬ ಮಾತನ್ನು ಆತನು ಆಡಿದ್ದು ಬೇರೆ ಧರ್ಮದವರೊಡನೆ ವಾದ ಮಾಡುವಾಗ ಅಲ್ಲ, ಹಿಡಿದುಕೊಡಲ್ಪಡುವ ರಾತ್ರಿ, ದಾರಿ ತಿಳಿಯದೆ ದಿಗಿಲುಗೊಂಡ ತೋಮನಿಗೆ ಧೈರ್ಯ ಹೇಳುವಾಗ. ಆ ಮಾತನ್ನು ನಾನು ಇಂದಿಗೂ ಒಂದಕ್ಷರ ಬಿಡದೆ ನಂಬುತ್ತೇನೆ. ತಂದೆಯ ಬಳಿಗೆ ಬರುವವರೆಲ್ಲ ಆತನ ಮೂಲಕವೇ ಬರುತ್ತಾರೆ. ಆದರೆ ಹಾಗೆ ಬಂದವರಲ್ಲಿ ಪ್ರತಿಯೊಬ್ಬರಿಗೂ ತಾವು ಯಾರ ಕೈ ಹಿಡಿದು ಬಂದೆವೆಂಬುದು ಮೊದಲೇ ಗೊತ್ತಿರುತ್ತದೆ ಎಂದು ಅಲ್ಲಿ ಹೇಳಿಲ್ಲ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಬಲಗಡೆ ನಿಂತವರು, ಕರ್ತನೇ, ನೀನು ಹಸಿದದ್ದನ್ನು ನಾವು ಯಾವಾಗ ಕಂಡೆವು ಎಂದು ಬೆರಗಾಗಿಯೇ ಕೇಳುತ್ತಾರೆ. ಆ ಸಾಲಿಗೆ ಬಂದಾಗ ಕಾಂಪೌಂಡ್ ಗೋಡೆಯ ಮೇಲಿನ ಸ್ಟೀಲ್ ಡಬ್ಬಿ ನೆನಪಾಗಿ ಮುಂದೆ ಓದಲಾಗಲಿಲ್ಲ. ಇದರ ಎದುರಿಗೆ, ಸಾರುವವನಿಲ್ಲದೆ ಕೇಳುವುದು ಹೇಗೆ ಎಂಬ ಪೌಲನ ಮಾತೂ ಅದೇ ಸತ್ಯವೇದದಲ್ಲಿ ಇದೆ ಎಂಬುದನ್ನು ನಾನು ಮರೆತಿಲ್ಲ.

ಒಂದು ಸಂಕಟವನ್ನು ಇಲ್ಲಿಯೇ ಹೇಳಬೇಕು. ಮೇಲೆ ಹೇಳಿದ್ದರಲ್ಲಿ ಸತ್ಯವೇದವೊಂದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಕನ್ನಡದಲ್ಲಿ ಓದಲಿಲ್ಲ. ಜಸ್ಟಿನ್ ಸಿಕ್ಕಿದ್ದು ಇಂಗ್ಲಿಷಿನಲ್ಲಿ, ಮಹಾಸಭೆಯ ಪತ್ರ ಇಂಗ್ಲಿಷಿನಲ್ಲಿ, ಕಾರ್ಕಳದ ಸಮರ್ಥರೂ ಇಂಗ್ಲಿಷಿನಲ್ಲಿ. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಕೇಂದ್ರ ಕಚೇರಿ ಇರುವುದು ನಮ್ಮ ಮಹಾತ್ಮ ಗಾಂಧಿ ರಸ್ತೆಯಲ್ಲಿ. ಥಿಯಲಾಜಿಕಲ್ ಕಾಲೇಜು ಈ ಊರಿನಲ್ಲಿ 1910ರಿಂದ ಇದೆ. ಕಥೋಲಿಕರ ಗುರುವಿದ್ಯಾಲಯಗಳೂ ಇಲ್ಲಿ ಕಡಿಮೆಯಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ನಮ್ಮ ಜನರೊಡನೆ ಮಾತಾಡಬೇಕೆಂದು ನಮ್ಮ ಭಾಷೆಯನ್ನು ಬೇರಿನಿಂದ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ಇಷ್ಟಿದ್ದೂ, ಕನ್ನಡದಲ್ಲಿ ಪ್ರಾರ್ಥಿಸುವ ಹದಿನೈದು ವರ್ಷದ ಹುಡುಗಿಯೊಬ್ಬಳು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಅವಳ ಕೈಗೆ ಮೊದಲು ಸಿಗುವುದು ಬೆಂಕಿಯ ಚಿತ್ರ. ಓದಿದವರು, ಬಲ್ಲವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಅವರು ದಯವಿಟ್ಟು ಕನ್ನಡದಲ್ಲಿ, ಅವಸರವಿಲ್ಲದೆ, ಬರೆಯಬೇಕು.

ಸಂಡೇ ಸ್ಕೂಲಿನ ಟೀಚರನ್ನು ಆರಾಧನೆ ಮುಗಿದ ಮೇಲೆ ಒಂದು ದಿನ ಕಂಡು ಮಾತಾಡಿದೆ. ದೂರುವ ಮನಸ್ಸಿನಿಂದ ಹೋಗಿದ್ದೆನೇನೋ, ಆದರೆ ಅದಕ್ಕೆ ಅವಕಾಶವಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನನ್ನ ತಾಯಿ ಕಡೆಯವರೆಲ್ಲ ಹಿಂದೂಗಳೇ. ಆ ಪ್ರಶ್ನೆಗೆ ಹೆದರಿ ನಾನು ಇಷ್ಟು ವರ್ಷ ವಚನದ ಹಿಂದೆ ನಿಂತಿದ್ದೀನಿ" ಎಂದರು. ನಾನು ಓದಿದ್ದನ್ನೆಲ್ಲ ಅವರಿಗೂ ಕಳಿಸಿದೆ.

ಮಗಳೊಡನೆ ಕೂತದ್ದು ಒಂದು ಶನಿವಾರ ಸಂಜೆ, ಸಿಗ್ನಲಿನಲ್ಲಿ ಅವಳು ಕೇಳಿ ಹೆಚ್ಚುಕಡಿಮೆ ಒಂದೂವರೆ ತಿಂಗಳಾದ ಮೇಲೆ. ಅಜ್ಜಿ ಎಲ್ಲಿದ್ದಾರೆಂದು ಹೇಳುವ ಅಧಿಕಾರ ನನಗಾಗಲಿ ಟೀಚರಿಗಾಗಲಿ ಇಲ್ಲವೆಂದೂ, ಅವರು ಯಾರ ಕೈಯಲ್ಲಿದ್ದಾರೆಂದು ಮಾತ್ರ ನನಗೆ ಗೊತ್ತೆಂದೂ ಹೇಳಿದೆ. ಸಿನೈಟಿಕಸ್‌ನ ಆ ಪುಟವನ್ನು ತೋರಿಸಿದೆ, ಅದರಿಂದ ಏನು ಸಿದ್ಧವಾಗುವುದಿಲ್ಲ ಎಂಬುದನ್ನೂ ಹೇಳಿದೆ. ಆಮೇಲೆ ಆದಿಕಾಂಡದ 18ನೆಯ ಅಧ್ಯಾಯವನ್ನು ಇಬ್ಬರೂ ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಪಾಪಕ್ಕಾಗಿ ನಾಶವಾಗಲಿದ್ದ ಸೊದೋಮ್ ಎಂಬ ಊರಿನವರಿಗಾಗಿ ಅಬ್ರಹಾಮನು ದೇವರ ಮುಂದೆ ನಿಂತು, ಇಡೀ ಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯವನ್ನೇ ನಡಿಸುವುದಿಲ್ಲವೇ ಎಂದು ಕೇಳುವ ಭಾಗ ಅದು. ಐವತ್ತು ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುವಿಯಾ ಎಂದು ಶುರುಮಾಡಿದವನು ನಲವತ್ತೈದಕ್ಕೆ, ನಲವತ್ತಕ್ಕೆ, ಮೂವತ್ತಕ್ಕೆ, ಇಪ್ಪತ್ತಕ್ಕೆ ಇಳಿಯುತ್ತ ಹೋಗುತ್ತಾನೆ. ಪ್ರತಿ ಸಲವೂ ದೇವರು ಆಗಲಿ ಎನ್ನುತ್ತಾನೆ. ಹತ್ತಕ್ಕೆ ಬಂದು ಅಬ್ರಹಾಮನು ಸುಮ್ಮನಾಗುತ್ತಾನೆ.

ಮಗಳು ಬೆರಳಿನಲ್ಲಿ ಆ ಸಂಖ್ಯೆಗಳನ್ನು ಮತ್ತೊಮ್ಮೆ ಎಣಿಸಿ ನೋಡಿದಳು. "ಹತ್ತಕ್ಕೇ ಯಾಕೆ ನಿಲ್ಲಿಸಿದ ಅಪ್ಪಾ? ದೇವರು ಒಂದು ಸಲವೂ ಇಲ್ಲ ಅಂದಿರಲಿಲ್ಲವಲ್ಲ. ಇನ್ನೂ ಕೇಳಬಹುದಿತ್ತು."

ಆ ಪ್ರಶ್ನೆಯನ್ನು ಅವಳು ತನ್ನ ಸತ್ಯವೇದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾಳೆ. ಈ ವಾರ ನಾವಿಬ್ಬರೂ ಅದನ್ನೇ ಹುಡುಕುತ್ತಿದ್ದೇವೆ.